ಪುಟ್ಟೀ, ಆ ಫ್ರೀ ಕವರ್ ಮಾತ್ರ ಹಾಕಿಸಿಕೊಳ್ಳಬೇಡ

ಪುಟ್ಟೀ, ನಿನ್ನ ಮೆಸೇಜು, ಮೂರು ಫೋಟೋ ಎಲ್ಲ ನೋಡಿದೆ. ವಾಯ್ಸ್ ಮೆಸೇಜೇ ಹಾಕೋಣ ಅಂತಿದ್ದೆ. ಹೋದ ಸಲ ಒಂಬತ್ತು ನಿಮಿಷದ್ದು ಹಾಕಿದಾಗ ನಿಮ್ಮ ಅತ್ತೆ ಒಬ್ಬಳನ್ನು ಬಿಟ್ಟು ಯಾರೂ ಕೇಳಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಅದಕ್ಕೆ ಇವತ್ತು ನಾನು ಮಾತಾಡುತ್ತಿದ್ದೇನೆ, ಫೋನು ಟೈಪ್ ಮಾಡಿಕೊಳ್ಳುತ್ತಿದೆ. ಅಲ್ಲಲ್ಲಿ ತಪ್ಪು ಬಿದ್ದರೆ ಸರಿ ಮಾಡಿಕೊಂಡು ಓದಿ.

ಬೆಳಗ್ಗೆಯಿಂದ ಗ್ರೂಪ್ ನೋಡದವರಿಗೆ ಹೇಳಿಬಿಡುತ್ತೇನೆ. ಪುಟ್ಟಿ ಶನಿವಾರ ಮೈಸೂರಿನಲ್ಲಿ ಕಾರನ್ನು ಎರಡನೇ ವರ್ಷದ ಸರ್ವಿಸಿಗೆ ಬಿಟ್ಟಿದ್ದಳು. ಕಂಪನಿಯ ಸರ್ವಿಸ್ ಸೆಂಟರೇ, ಗಲ್ಲಿ ಗ್ಯಾರೇಜಲ್ಲ. ಸಂಜೆ ಕತ್ತಲಾದ ಮೇಲೆ, ಮಳೆಯಲ್ಲಿ, ದುಡ್ಡು ಕಟ್ಟಿ ತಂದಿದ್ದಾಳೆ. ಮನೆಗೆ ಬಂದು ಬಾಗಿಲು ತೆಗೆದಾಗ ಒಳಗಿನ ಲೈಟಿನಲ್ಲಿ ಕಂಡಿದೆ. ಡ್ರೈವರ್ ಸೀಟಿನಲ್ಲಿ ಬಾಗಿಲ ಕಡೆಯ ಅಂಚು ಎರಡು ಬೆರಳುದ್ದ ಹರಿದಿದೆ, ಅದರ ಪಕ್ಕದಲ್ಲೇ ಅಂಗೈ ಅಗಲ ಗ್ರೀಸು. ಇವತ್ತು ಫೋನ್ ಮಾಡಿದರೆ "ಮೇಡಂ, ಅದು ಮೊದಲೇ ಇತ್ತು" ಅಂದಿದ್ದಾರೆ. ಇವಳು ಸ್ವಲ್ಪ ಜೋರು ಮಾಡಿದ ಮೇಲೆ "ಹೋಗ್ಲಿ ಬಿಡಿ, ಫುಲ್ ಸೀಟ್ ಕವರ್ ಫ್ರೀಯಾಗಿ ಹಾಕಿಕೊಡ್ತೀವಿ" ಅಂತ ಬಂದಿದ್ದಾರೆ. ಭಾವ "ಸಿಕ್ಕಿದ್ದೇ ಲಾಭ, ಹಾಕಿಸ್ಕೋ" ಅಂತಾರೆ. ಅಕ್ಕ ಪೆಟ್ರೋಲ್ ಹಚ್ಚಿ ಒರೆಸು ಅಂತಾಳೆ. ಚಿನ್ನು ಅಷ್ಟರಲ್ಲಿ ಒಂದು ಸ್ಟಾರ್ ಕೊಟ್ಟು ರಿವ್ಯೂ ಬರೆದೂ ಆಗಿದೆ.

ಭಾವ, ಬೇಜಾರು ಮಾಡ್ಕೋಬೇಡಿ. ಆ ಕವರ್ ಬೇಡವೇ ಬೇಡ. ಯಾಕೆ ಅಂದರೆ ನಾನು ಒಮ್ಮೆ ಅದೇ ಕವರ್ ತಗೊಂಡು ಕೆಟ್ಟವನು.

ನಮ್ಮ ಹಳೇ ಕಾರು ನೆನಪಿದೆಯಲ್ಲ, ಬೂದು ಬಣ್ಣದ್ದು. ಶಿವಮೊಗ್ಗದಲ್ಲೇ ಒಂದು ದಿನ ಬ್ಯಾಟರಿ ಸತ್ತಿತ್ತು. ಬ್ಯಾಟರಿ ಅಂಗಡಿಯ ಹುಡುಗ ಬಂದು ಹೊಸದು ಕೂರಿಸಿದ. ಹಳೇದನ್ನು ಅಂಗಡಿಗೆ ಒಯ್ಯಬೇಕಲ್ಲ, ಹಿಂದಿನ ಸೀಟಿನ ಮೇಲೆ ಇಟ್ಟ. ನಾನೇ ಅವನನ್ನು ಅಂಗಡಿವರೆಗೆ ಬಿಟ್ಟು ಬಂದೆ. ಆವತ್ತು ಸೀಟಿನ ಮೇಲೆ ಏನೂ ಕಾಣಲಿಲ್ಲ, ಸ್ವಲ್ಪ ಒದ್ದೆ ಇದ್ದ ಹಾಗಿತ್ತು ಅಷ್ಟೇ. ಹತ್ತು ದಿನ ಬಿಟ್ಟು ನಿಮ್ಮ ದೊಡ್ಡಮ್ಮ ಹತ್ತಿ ಸೀಟ್ ಕವರನ್ನು ಒಗೆಯಲು ಹಾಕಿದಳು. ಮಷೀನಿನಿಂದ ತೆಗೆದಾಗ ಕವರ್ ಅಲ್ಲ, ಜರಡಿ. ಬೆರಳಿಟ್ಟರೆ ಬಟ್ಟೆ ಪುಡಿ ಪುಡಿ. ಬ್ಯಾಟರಿ ಓರೆಯಾಗಿ ಆಸಿಡ್ ಸೋರಿತ್ತು. ಆಸಿಡ್ಡಿನಲ್ಲಿರುವ ನೀರು ಆರಿಹೋಗುತ್ತದೆ, ಆಸಿಡ್ ಅಲ್ಲೇ ಕೂತು ಹತ್ತಿಯನ್ನು ತಿನ್ನುತ್ತಾ ಇರುತ್ತದೆ. ಆವತ್ತೇ ಅಡಿಗೆ ಸೋಡಾ ಕಲಸಿ ಹಾಕಿದ್ದರೆ ನಿಲ್ಲುತ್ತಿತ್ತು. ಯಾರಿಗೆ ಗೊತ್ತಿತ್ತು!

ಅಂಗಡಿಗೆ ಹೋದೆ. "ಹತ್ತು ದಿನ ಆದ್ಮೇಲೆ ಬಂದ್ರೆ ನಾನೇನ್ ಹೇಳ್ಲಿ ಸಾರ್" ಅಂದ ಯಜಮಾನ, ಒಂದು ಹೊಸ ಕವರ್ ಕೈಗಿಟ್ಟ. ನಾನು ಸಂಕೋಚದ ಪ್ರಾಣಿ, ತಗೊಂಡು ಬಂದೆ. ತಿಂಗಳಾದ ಮೇಲೆ ಕವರಿನ ಕೆಳಗಿದ್ದ ಸೀಟಿನ ಬಟ್ಟೆಯೂ ಕಂದು ಬಣ್ಣಕ್ಕೆ ತಿರುಗಿ ಬಿರುಕು ಬಿಟ್ಟಿತು. ಮತ್ತೆ ಹೋದರೆ, "ಆವತ್ತೇ ಕವರ್ ಕೊಟ್ಟು ಮುಗಿಸಿದ್ವಲ್ಲ ಸಾರ್." ನನ್ನ ಬಾಯಲ್ಲಿ ಮಾತಿರಲಿಲ್ಲ. ಹರಿದಿದ್ದನ್ನು ಮುಚ್ಚಿದ್ದು ಅವನಲ್ಲ, ನಾನೇ.

ಈಗ ನಿನ್ನ ಕಾರಿಗೆ ಬರೋಣ. ನಿನಗೆ ಕವರ್ ಬೇಡ ಅನ್ನಲು ಇನ್ನೊಂದು ಕಾರಣವೂ ಇದೆ, ಅದು ನನ್ನ ಕಾಲದ ಕಾರಿನಲ್ಲಿ ಇರಲಿಲ್ಲ. ನಿನ್ನದಕ್ಕೆ ಆರು ಏರ್‌ಬ್ಯಾಗ್ ಅಂತ ತಗೊಂಡಾಗ ಹೇಳಿದ್ದೆ. ಅದರಲ್ಲಿ ಎರಡು ಮುಂದಿನ ಸೀಟುಗಳ ಒಳಗೇ ಇರುತ್ತವೆ, ಒರಗುವ ಭಾಗದಲ್ಲಿ, ಬಾಗಿಲ ಕಡೆಗೆ. ಅಲ್ಲಿ ಏರ್‌ಬ್ಯಾಗ್ ಅಂತ ಸಣ್ಣ ಬಟ್ಟೆ ಚೀಟಿ ಹೊಲಿದಿರುತ್ತಾರೆ, ಹೋಗಿ ನೋಡು. ಪಕ್ಕದಿಂದ ಗುದ್ದಿದರೆ ಆ ಚೀಲ ಸೀಟಿನ ಹೊಲಿಗೆಯನ್ನೇ ಬಿಚ್ಚಿಕೊಂಡು ಕಣ್ಣು ಮಿಟುಕಿಸುವುದರೊಳಗೆ ಹೊರಗೆ ಬರಬೇಕು. ಅದಕ್ಕೇ ಕಂಪನಿಯವರು ಅಲ್ಲಿಯ ಹೊಲಿಗೆಯನ್ನು ಬಿಚ್ಚಿಕೊಳ್ಳುವ ಹಾಗೆ ಲೆಕ್ಕ ಹಾಕಿ ಹಾಕಿರುತ್ತಾರೆ. ಅದರ ಮೇಲೆ ಬಿಗಿಯಾಗಿ ಒಂದು ರೆಕ್ಸಿನ್ ಕವರ್ ಎಳೆದು ಕಟ್ಟಿದರೆ ಚೀಲ ಎಲ್ಲಿಂದ ಬರಬೇಕು? ಏರ್‌ಬ್ಯಾಗಿಗೆ ಜಾಗ ಬಿಟ್ಟು ಹೊಲಿದ ಕವರ್‌ಗಳು ಸಿಗುತ್ತವೆ, ಇಲ್ಲ ಅಂತಲ್ಲ. ಫ್ರೀ ಕೊಡುವವನು ಯಾವುದು ಕೊಡುತ್ತಾನೋ ನೀನೇ ಯೋಚಿಸು.

ಹಾಗೇ ಸೀಟನ್ನು ಹೊರಗಡೆ ಕುಶನ್ ಅಂಗಡಿಗೆ ಒಯ್ದು ಹೊಲಿಸುವುದೂ ಬೇಡ. ಸೀಟ್ ಬಿಚ್ಚಬೇಕು ಅಂದರೆ ಕೆಳಗಿರುವ ಹಳದಿ ಕನೆಕ್ಟರ್ ತೆಗೆಯಬೇಕು. ಹಳದಿ ಅಂದರೆ ಏರ್‌ಬ್ಯಾಗ್ ವೈರು. ಮೊದಲು ಬ್ಯಾಟರಿ ಕಳಚಿ, ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಮುಟ್ಟಬೇಕು. ಗೊತ್ತಿಲ್ಲದವನು ಎಳೆದರೆ ಮೀಟರಿನಲ್ಲಿ ಏರ್‌ಬ್ಯಾಗ್ ಲೈಟು ಹತ್ತಿಕೊಂಡು ಕೂರುತ್ತದೆ.

ಇನ್ನು "ಮೊದಲೇ ಇತ್ತು" ಅನ್ನುವ ಮಾತು. ನಿನ್ನ ಎರಡನೇ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ, ಕನ್ನಡಕ ಹಾಕಿಕೊಂಡು. ಸೀಟು ಸವೆದು ಹರಿಯುವ ರೀತಿಯೇ ಬೇರೆ. ಇಳಿದು ಹತ್ತಿ, ಇಳಿದು ಹತ್ತಿ ಅಂಚಿನ ಬಟ್ಟೆ ಮೊದಲು ತೆಳ್ಳಗಾಗುತ್ತದೆ, ಸಣ್ಣ ಸಣ್ಣ ಉಂಡೆ ಏಳುತ್ತದೆ, ಆಮೇಲೆ ನೂಲು ಬಿಡುತ್ತದೆ. ಅದಕ್ಕೆ ವರ್ಷಗಟ್ಟಲೆ ಬೇಕು. ನಿನ್ನದರಲ್ಲಿ ಸುತ್ತಲಿನ ಬಟ್ಟೆ ಹೊಸದರ ಹಾಗೇ ಇದೆ. ಸೀಳು ನೇರ ಹೋಗಿ ಕೊನೆಯಲ್ಲಿ ಮೊಣಕೈ ಮಡಚಿದ ಹಾಗೆ ತಿರುಗಿದೆ. ಮೊನಚಾದದ್ದೇನೋ ಸಿಕ್ಕಿಕೊಂಡು ಎಳೆದ ಗುರುತು ಅದು. ಹಿಂದಿನ ಜೇಬಿನಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡು ಸರಕ್ಕನೆ ಕೂತರೆ ಹೀಗೇ ಆಗುತ್ತದೆ. ಒಳಗಿನ ಸ್ಪಂಜು ನೋಡು, ಇನ್ನೂ ಬೆಳ್ಳಗಿದೆ. ತಿಂಗಳುಗಟ್ಟಲೆ ಬೆಳಕಿಗೆ ಬಿದ್ದಿದ್ದರೆ ಹಳದಿ ತಿರುಗಿ ಧೂಳು ತುಂಬಿರುತ್ತಿತ್ತು. ಅದಕ್ಕೇ ಇವತ್ತೇ, ಬಿಸಿಲಿನಲ್ಲಿ, ಪಕ್ಕದಲ್ಲಿ ಐದು ರೂಪಾಯಿ ನಾಣ್ಯ ಇಟ್ಟು ಹತ್ತಿರದಿಂದ ಫೋಟೋ ತೆಗೆ. ದಿನ ಹೋದಂತೆ ಆ ಬಿಳಿ ಬಣ್ಣ ಹೋಗುತ್ತದೆ. ಕಿಲೋಮೀಟರ್ ಮೀಟರಿನದೂ ಒಂದು ಇರಲಿ. ಸರ್ವಿಸ್ ಆದ ಮೇಲೆ ಕಾರು ಮನೆವರೆಗೆ ಬಂದಿದ್ದು ಬಿಟ್ಟರೆ ಎಲ್ಲೂ ಹೋಗಿಲ್ಲ ಅಂತ ಅದೇ ಹೇಳುತ್ತದೆ.

ಆಮೇಲೆ ಒಂದು ವಿಷಯ, ಇದು ನನಗೆ ಮಧ್ಯಾಹ್ನ ಹೊಳೆದಿದ್ದು. ಆಯುಧ ಪೂಜೆ ದಿನ ನೀನೇ ಈ ಗ್ರೂಪಿಗೆ ಫೋಟೋ ಹಾಕಿದ್ದೆ. ಮಗು ಸ್ಟಿಯರಿಂಗ್ ಹಿಡಿದು ಕೂತಿದೆ, ಬಾಗಿಲು ತೆಗೆದಿದೆ, ಕೆಳಗೆ ಚಕ್ರದ ಹತ್ತಿರ ನಿಂಬೆಹಣ್ಣು. ಮೇಲೆ ಹೋಗಿ ಹುಡುಕಿ ನೋಡಿದೆ. ಸೀಟಿನ ಅದೇ ಅಂಚು ಪೂರ್ತಿ ಕಾಣುತ್ತದೆ, ಒಂದು ಗೆರೆಯೂ ಇಲ್ಲ! ಆದರೆ ವಾಟ್ಸಾಪಿನಿಂದ ಇಳಿಸಿಕೊಂಡ ಫೋಟೋದಲ್ಲಿ ತೆಗೆದ ಸಮಯದ ವಿವರ ಉಳಿಯುವುದಿಲ್ಲ. ನಿನ್ನ ಫೋನಿನ ಗ್ಯಾಲರಿಯಲ್ಲಿ ಮೂಲ ಫೋಟೋ ಇರುತ್ತದೆ, ಅದನ್ನು ಡಿಲೀಟ್ ಮಾಡಬೇಡ. ಗ್ರೂಪಿನ ಈ ಚಾಟೂ ಇರಲಿ.

ಅವರ ಕಡೆಯದ್ದು ಜಾಬ್ ಕಾರ್ಡ್. ಕಾರು ಬಿಡುವಾಗ ಸರ್ವಿಸ್ ಅಡ್ವೈಸರ್ ಸುತ್ತ ಓಡಾಡಿ ಎಲ್ಲಿ ಗೀರು, ಎಲ್ಲಿ ಡೆಂಟು ಅಂತ ಬರೆದುಕೊಂಡು ನಿನ್ನ ಸಹಿ ಹಾಕಿಸಿದ್ದಾನಲ್ಲ, ಅದು. ಈಗ ಟ್ಯಾಬಿನಲ್ಲಿ ಫೋಟೋ ಕೂಡ ತೆಗೆಯುತ್ತಾರೆ. ಹಿಂದಿನ ಬಂಪರಿನ ಅಕ್ಕಿಕಾಳಿನಷ್ಟು ಗೀರನ್ನೂ ಬರೆದವರು ಎರಡು ಬೆರಳು ಹರಿದ ಸೀಟನ್ನು ಬರೆಯದೆ ಬಿಟ್ಟರಾ? ಅದರ ಪ್ರತಿ ಕೇಳು, ಫೋಟೋ ಕೇಳು. ಒಳಗೆ ಕ್ಯಾಮೆರಾ ಇದ್ದರೆ ಶನಿವಾರದ ರೆಕಾರ್ಡಿಂಗ್ ಅಳಿಸದೆ ಇಡಿ ಅಂತ ಈಗಲೇ ಬರೆದು ಕೇಳು. ಹಳೇದರ ಮೇಲೆ ಹೊಸದು ತುಂಬಿಕೊಳ್ಳುತ್ತಾ ಹೋಗುತ್ತದೆ ಅದು. ಮತ್ತೆ, ಕಾಲಡಿ ಪೇಪರ್ ಹಾಕಿದ್ದರು ಅಂದೆ. ಸೀಟಿಗೆ ಪ್ಲಾಸ್ಟಿಕ್ ಹೊದಿಸಿದ್ದರಾ? ನೆನಪು ಮಾಡಿಕೋ. ಹೊದಿಸಿದ್ದರೆ ಗ್ರೀಸು ಅಷ್ಟು ಹತ್ತುತ್ತಿರಲಿಲ್ಲ.

ಜಾಬ್ ಕಾರ್ಡಿನ ಹಿಂದೆ ಇರುವೆ ಅಕ್ಷರದಲ್ಲಿ "ವಾಹನ ಮಾಲೀಕರ ಹೊಣೆಯಲ್ಲಿ ಇರುತ್ತದೆ" ಅಂತ ಬರೆದಿರುತ್ತಾರೆ. ಅದನ್ನು ತೋರಿಸಿದರೆ ಹೆದರಬೇಡ. ನಮ್ಮ ವಾಕಿಂಗ್ ಗುಂಪಿನಲ್ಲಿ ಒಬ್ಬ ವಕೀಲರಿದ್ದಾರೆ, ಅವರನ್ನು ಕೇಳಿದೆ. ಬೇರೆಯವರ ವಸ್ತುವನ್ನು ರಿಪೇರಿಗೆ ಇಸಕೊಂಡವನು ಸಾಮಾನ್ಯ ವಿವೇಕ ಇರುವ ಮನುಷ್ಯ ತನ್ನ ಸ್ವಂತದ್ದನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ಅದನ್ನು ನೋಡಿಕೊಳ್ಳಬೇಕು ಅಂತ 1872ರ ಕರಾರು ಕಾಯ್ದೆಯಲ್ಲೇ ಇದೆಯಂತೆ, 151ನೇ ಸೆಕ್ಷನ್ನು. ಅಷ್ಟು ಹಳೇದು. ರಶೀದಿ ಹಿಂದೆ ಒಂದು ಸಾಲು ಅಚ್ಚು ಹಾಕಿಸಿದ ಮಾತ್ರಕ್ಕೆ ಕೈ ತೊಳೆದುಕೊಳ್ಳಲು ಆಗುವುದಿಲ್ಲ ಅಂದರು.

ಇನ್ನು ಏನು ಕೇಳಬೇಕು? "ಏನಾದ್ರೂ ಮಾಡಿ" ಅನ್ನಬೇಡ. ಏನಾದರೂ ಅಂದರೆ ಕವರೇ ಬರುತ್ತದೆ. ಸೀಟಿನ ಮೂಲ ಬಟ್ಟೆ, ಅವರ ಭಾಷೆಯಲ್ಲಿ ಸೀಟ್ ಟ್ರಿಮ್, ಬಿಡಿಭಾಗವಾಗಿ ಸಿಗುತ್ತದೆ. ಕಂಪನಿಯಿಂದ ತರಿಸಬೇಕು, ಸ್ವಲ್ಪ ದಿನ ಹಿಡಿಯಬಹುದು. ಹೀಗೆ ಬರೆ: "ಇಂಥ ದಿನ ಸರ್ವಿಸಿಗೆ ಬಿಟ್ಟಾಗ ಸೀಟು ಸರಿಯಿತ್ತು, ಜಾಬ್ ಕಾರ್ಡಿನಲ್ಲಿ ಹಾನಿ ಬರೆದಿಲ್ಲ. ವಾಪಸ್ ಬಂದಾಗ ಹರಿದಿದೆ, ಗ್ರೀಸ್ ಕಲೆ ಆಗಿದೆ. ಕಂಪನಿಯ ಮೂಲ ಟ್ರಿಮ್ ಅನ್ನು ನಿಮ್ಮ ಖರ್ಚಿನಲ್ಲಿ ಬದಲಾಯಿಸಿ ಕೊಡಿ. ಏಳು ದಿನದೊಳಗೆ ಬರವಣಿಗೆಯಲ್ಲಿ ಉತ್ತರಿಸಿ." ಇಷ್ಟೇ. ಬೈಗುಳ ಬೇಡ. ಸರ್ವಿಸ್ ಮ್ಯಾನೇಜರಿಗೂ ಕಾರು ಕಂಪನಿಯ ಕಸ್ಟಮರ್ ಕೇರಿಗೂ ಒಟ್ಟಿಗೇ ಮೇಲ್ ಹಾಕು. ಫೋನಿನಲ್ಲಿ ಆಡಿದ ಮಾತು ಗಾಳಿಗೆ ಹೋಯಿತು ಅಂತಲೇ ತಿಳಿ. ಇವತ್ತಿನ ಫೋನಿನಲ್ಲಿ ಅವರು ಕವರ್ ಕೊಡುತ್ತೇವೆ ಅಂದರಲ್ಲ, ಅದನ್ನೂ ಮೇಲಿನಲ್ಲಿ ಸೇರಿಸು. ಮೊದಲೇ ಹರಿದಿದ್ದರೆ ಯಾರಾದರೂ ಸುಮ್ನೆ ಕವರ್ ಕೊಡುತ್ತಾರಾ?

ಅವರು ಇನ್ನೊಂದು ದಾರಿ ತೋರಿಸಬಹುದು, "ಇನ್ಶೂರೆನ್ಸಲ್ಲಿ ಮಾಡ್ಕೊಡ್ತೀವಿ ಮೇಡಂ" ಅಂತ. ಒಪ್ಪಬೇಡ. ಅದು ನಿನ್ನ ಇನ್ಶೂರೆನ್ಸು. ಎರಡು ವರ್ಷ ಕ್ಲೈಮ್ ಮಾಡಿಲ್ಲ ಅಂದರೆ ಈ ಸಲ ರಿನ್ಯೂ ಮಾಡುವಾಗ ನಿನ್ನ ಕಾರಿನ ಹಾನಿಯ ಭಾಗದ ಪ್ರೀಮಿಯಂನಲ್ಲಿ 25% ಕಡಿಮೆ ಆಗಬೇಕು, ನೋ ಕ್ಲೈಮ್ ಬೋನಸ್ ಅಂತ. ಒಂದು ಕ್ಲೈಮ್ ಮಾಡಿದರೆ ಅದು ಸೊನ್ನೆ. ಮೇಲೆ ಕನಿಷ್ಠ 1000 ರೂಪಾಯಿ ನೀನೇ ಕೈಯಿಂದ ಹಾಕಬೇಕು. ಹರಿದವರು ಅವರು, ಬೋನಸ್ ಕಳಕೊಳ್ಳುವವಳು ನೀನಾ?

ಅಕ್ಕಾ, ಪೆಟ್ರೋಲ್ ಬೇಡ ಕಣೇ. ಬೆಂಕಿಯ ಭಯ ಒಂದು ಕಡೆ ಇರಲಿ, ಅದು ಗ್ರೀಸನ್ನು ಕರಗಿಸಿ ಸ್ಪಂಜಿನೊಳಗೆ ಇಳಿಸುತ್ತದೆ, ಕಾರು ತಿಂಗಳುಗಟ್ಟಲೆ ಬಂಕಿನ ಹಾಗೆ ನಾರುತ್ತದೆ. ಈಗ ಏನೂ ಹಚ್ಚಬಾರದು, ಅವರು ಬಂದು ನೋಡುವವರೆಗೆ ಕಲೆ ಹಾಗೇ ಇರಬೇಕು. ಕೂರಲೇಬೇಕು ಅಂದರೆ ಒಂದು ಹಳೇ ಟವೆಲ್ ಹಾಸಿಕೊಂಡು ಕೂರು. ಎಲ್ಲ ಮುಗಿದ ಮೇಲೂ ಏನಾದರೂ ಉಳಿದರೆ ಚಮಚದ ಹಿಂಬದಿಯಿಂದ ಮೆಲ್ಲಗೆ ಎತ್ತಿ, ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಎರಡು ಹನಿಯನ್ನು ಬೆಚ್ಚಗಿನ ನೀರಿಗೆ ಹಾಕಿ ಬಟ್ಟೆ ಅದ್ದಿ ಒತ್ತಬೇಕು. ಉಜ್ಜಬಾರದು. ಹೊರ ಅಂಚಿನಿಂದ ಒಳಕ್ಕೆ ಬರಬೇಕು, ಇಲ್ಲದಿದ್ದರೆ ಅಂಗೈ ಅಗಲ ಇದ್ದದ್ದು ತಟ್ಟೆ ಅಗಲ ಆಗುತ್ತದೆ. ಅವರು "ಶಾಂಪೂ ವಾಶ್ ಮಾಡ್ತೀವಿ" ಅಂದರೆ ಪೂರ್ತಿ ಒಣಗಿಸಿ ಕೊಡಿ ಅನ್ನು. ಮಳೆ ದಿನ, ಸ್ಪಂಜು ಒಳಗೆ ಒದ್ದೆ ಉಳಿದರೆ ಮುಗ್ಗುಲು ವಾಸನೆ ಬಂದುಬಿಡುತ್ತದೆ.

ಏಳು ದಿನಕ್ಕೂ ಉತ್ತರ ಬರದಿದ್ದರೆ 1915ಕ್ಕೆ ಫೋನ್ ಮಾಡು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದು ಕೋರ್ಟಲ್ಲ, ದೂರನ್ನು ಕಂಪನಿಗೆ ದಾಟಿಸುತ್ತಾರೆ. ಎಷ್ಟೋ ಸಲ ಅಷ್ಟರಲ್ಲೇ ಕೆಲಸ ಆಗುತ್ತದೆ. ಆಗಲಿಲ್ಲ ಅಂದರೆ ಜಿಲ್ಲಾ ಗ್ರಾಹಕ ಆಯೋಗ ಇದ್ದೇ ಇದೆ. 2019ರ ಕಾಯ್ದೆ ಬಂದ ಮೇಲೆ ನೀನು ಇರುವ ಊರಿನಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಟ್ಟರಾಯಿತು. ನಿನ್ನಂಥ ಸಣ್ಣ ಬಿಲ್ಲಿಗೆ ಫೀಸೂ ಇಲ್ಲ, ವಕೀಲರೂ ಬೇಕಾಗಿಲ್ಲ, ಇ-ಜಾಗೃತಿ ಅನ್ನುವ ಪೋರ್ಟಲ್‌ನಲ್ಲಿ ಕೂತಲ್ಲೇ ಹಾಕಬಹುದು. ನಿಜ ಹೇಳಬೇಕು ಅಂದರೆ ಬೇಗ ಮುಗಿಯುವ ಕೆಲಸ ಅಲ್ಲ ಅದು. ಅಲ್ಲಿವರೆಗೆ ಹೋಗುವ ಹಾಗೆ ಆಗದಿರಲಿ.

ಚಿನ್ನು, ಆ ರಿವ್ಯೂ ಸದ್ಯಕ್ಕೆ ತೆಗಿ ಮಗಾ. ಕಾರು ನಿನ್ನದಲ್ಲ, ಅದರಲ್ಲಿ ನೀನು "ಕಳ್ಳರು" ಅಂತ ಬೇರೆ ಬರೆದಿದ್ದೀಯ. ಪುಟ್ಟಿಗೆ ಒಂದೆರಡು ದಿನದಲ್ಲಿ ಫೀಡ್‌ಬ್ಯಾಕ್ ಕಾಲ್ ಬರುತ್ತದೆ ನೋಡು. ಅದಕ್ಕೂ ಮುಂಚೆ ಅಡ್ವೈಸರ್ ಹುಡುಗ ಫೋನ್ ಮಾಡಿ "ಮೇಡಂ, ಹತ್ತಕ್ಕೆ ಹತ್ತು ಕೊಡಿ, ಪ್ಲೀಸ್" ಅಂತಾನೆ. ಪಾಪ, ಅವನ ಇನ್ಸೆಂಟಿವ್ ಅದರ ಮೇಲೆ ನಿಂತಿರುತ್ತದೆ, ಹರಿದವನು ಅವನೂ ಅಲ್ಲ. ಆದರೂ ಅಲ್ಲಿ ಇದ್ದದ್ದು ಇದ್ದ ಹಾಗೆ ಹೇಳಬೇಕು. ನಮ್ಮ ಹತ್ತು ರಿವ್ಯೂಗಿಂತ ಜಾಸ್ತಿ ಕೆಲಸ ಆ ಒಂದು ಕಾಲ್ ಮಾಡುತ್ತದೆ.

ನಾಳೆ ಹನ್ನೊಂದಕ್ಕೆ ಅಲ್ಲಿಗೆ ಹೋಗುತ್ತೇನೆ ಅಂದೆಯಲ್ಲ. ಮೇಲ್ ಇವತ್ತು ರಾತ್ರಿಯೇ ಹೋಗಲಿ, ಕಳಿಸುವ ಮುಂಚೆ ನನಗೊಮ್ಮೆ ಹಾಕು. ಹೇಗೂ ಭಾವ ಮೈಸೂರಲ್ಲೇ ಇದ್ದಾರೆ, ಜೊತೆಗೆ ಕರಕೊಂಡು ಹೋಗು. ಮಾತು ಮಾತ್ರ ನೀನೇ ಆಡು. ಅವರಿಗೆ ಕಾಫಿ ಕೊಟ್ಟು ಕೂರಿಸಿದರೆ ಐದು ನಿಮಿಷದಲ್ಲಿ ಕವರಿನ ಬಣ್ಣ ಆರಿಸುತ್ತಾ ಇರುತ್ತಾರೆ.