ಸಹಾಯ ಬೇಕು: ಫೋಮ್ ಕವಚದ ಬಣ್ಣ ಮೊಣಕೈ ಹತ್ರ ಬಿರುಕು ಬಿಡ್ತಿದೆ

ಎಲ್ರಿಗೂ ನಮಸ್ಕಾರ. ವೈಟ್‌ಫೀಲ್ಡ್‌ನ ಕೆಟಿಪಿಒ ಪ್ರದರ್ಶನ ಕೇಂದ್ರದಲ್ಲಿ ನಡೆಯೋ ಬೆಂಗಳೂರು ಕಾಮಿಕ್ ಕಾನ್‌ಗೆ (ಕಾಮಿಕ್ಸ್ ಅಭಿಮಾನಿಗಳ ಮೇಳ) ಮೊದಲ ಸಲ ಹೋಗ್ತಿದೀನಿ, ಅದೂ ವೇಷ ಹಾಕ್ಕೊಂಡು. ಎದೆಕವಚ, ಭುಜ, ಮೊಣಕೈ ಎಲ್ಲಾ 5 ಎಂಎಂ ಇವಿಎ ಫೋಮ್‌ನಲ್ಲಿ (ರಬ್ಬರ್ ಥರ ಬಾಗೋ ಮೆತ್ತನೆ ಹಾಳೆ) ಕತ್ತರಿಸಿ, ಚಪ್ಪಲಿ ರಿಪೇರಿಯವರು ಬಳಸೋ ಗಮ್‌ನಲ್ಲಿ ಅಂಟಿಸಿದೀನಿ. ಅಂಟು ಗಟ್ಟಿ ಇದೆ (ವಾಸನೆಗೆ ಮನೇಲಿ ದಿನಾ ಬೈಗುಳ).

ತೊಂದರೆ ಬಣ್ಣದ್ದು. ಹೀಟ್ ಗನ್‌ನಲ್ಲಿ ಫೋಮ್ ಬಿಸಿ ಮಾಡಿ, ಮರಗೆಲಸದ ಬಿಳಿ ಗಮ್‌ಗೆ ನೀರು ಬೆರೆಸಿ ಬಳಿದು, ಅದರ ಮೇಲೆ ಅಕ್ರಿಲಿಕ್ ಬೆಳ್ಳಿ ಬಣ್ಣ ಹೊಡೆದೆ. ಎದೆಭಾಗ ಸೂಪರ್. ಮೊಣಕೈ ಮಡಿಚಿದ್ರೆ ಮಾತ್ರ ಬಣ್ಣ ಸೀಳತ್ತೆ. ತೆಳ್ಳಗೆ ಬಳಿದ್ರೂ ಅದೇ ಕಥೆ. ಒಬ್ರು ರಬ್ಬರ್ ಸ್ಪ್ರೇ ಅಂತಾರೆ, ಇನ್ನೊಬ್ರು ಫ್ಯಾಬ್ರಿಕ್ ಪೇಂಟ್ ಅಂತಾರೆ.

ದಿನಪೂರ್ತಿ ಹಾಕ್ಕೊಂಡು ಓಡಾಡಿದೋರು ಹೇಳಿ: ಮಡಚೋ ಜಾಗಕ್ಕೆ ಇವೆರಡರಲ್ಲಿ ಯಾವುದು ತಡೆಯುತ್ತೆ? ಹಳೇ ಬಣ್ಣ ಕೆರೆದು ತೆಗೀಬೇಕಾ, ಅದರ ಮೇಲೇ ಹೊಡೀಬಹುದಾ?