ಪಾಠದ ವಿಡಿಯೊಗೆ ಕವಿತೆ, ಹಾಡು, ಚಿತ್ರ: ಯಾವುದನ್ನು ಬಳಸಬಹುದು? ಅನುಭವ ಇರುವವರು ಹೇಳಿ

ಪ್ರಶ್ನೆ (ಪ್ರೌಢಶಾಲಾ ಕನ್ನಡ ಶಿಕ್ಷಕಿ):
ಎಸ್ಸೆಸ್ಸೆಲ್ಸಿ ಮಕ್ಕಳಿಗಾಗಿ ಪದ್ಯಪಾಠಗಳ ವಿಡಿಯೊ ಮಾಡಿ ಯೂಟ್ಯೂಬ್‌ಗೆ ಹಾಕುತ್ತಿದ್ದೇನೆ. ಒಂದು ಪದ್ಯಕ್ಕೆ ಹಿನ್ನೆಲೆಯಾಗಿ ಪ್ರಸಿದ್ಧ ಗಾಯಕರ ಭಾವಗೀತೆಯ ತುಣುಕು ಹಾಕಿದ್ದೆ. ಅದರ ಮೇಲೆ ಹಕ್ಕುಸ್ವಾಮ್ಯದ ಕ್ಲೇಮ್ ಬಂದಿದೆ. ಕವಿಗಳ ಭಾವಚಿತ್ರಗಳೆಲ್ಲ ಗೂಗಲ್‌ನಲ್ಲಿ ಹುಡುಕಿ ತೆಗೆದವು. ‘ಶಿಕ್ಷಣಕ್ಕೆ ಬಳಸಿದರೆ ಯಾರೂ ಏನೂ ಮಾಡುವಂತಿಲ್ಲ’ ಎನ್ನುತ್ತಾರೆ ಸಹೋದ್ಯೋಗಿಗಳು. ಮುಖ್ಯೋಪಾಧ್ಯಾಯರು ಮಾತ್ರ ಎಲ್ಲವನ್ನೂ ಅಳಿಸಿಬಿಡಿ ಎನ್ನುತ್ತಿದ್ದಾರೆ. ಇದರ ನಡುವೆ ಒಂದು ಕಲಿಕಾ ಆ್ಯಪ್‌ನವರು ‘ನಿಮ್ಮ ವಿಡಿಯೊಗಳನ್ನು ನಮಗೆ ಕೊಡಿ’ ಎಂದು ಕೇಳಿದ್ದಾರೆ. ಏನು ಮಾಡಲಿ?

ಪದವಿ ಕಾಲೇಜಿನ ಗ್ರಂಥಪಾಲಕ:
ಮೇಡಂ, ನಿಮ್ಮ ಸಹೋದ್ಯೋಗಿಗಳ ಮಾತು ತರಗತಿಯೊಳಗೆ ಸರಿ, ಯೂಟ್ಯೂಬ್‌ನಲ್ಲಿ ಅಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಶಿಕ್ಷಕರಿಗೆ ಉದಾರವಾಗಿಯೇ ಇದೆ. ಪಾಠ ಹೇಳುವ ಸಂದರ್ಭದಲ್ಲಿ ಶಿಕ್ಷಕರು ಅಥವಾ ವಿದ್ಯಾರ್ಥಿಗಳು ಯಾವುದೇ ಕೃತಿಯನ್ನು ನಕಲು ಮಾಡಿಕೊಂಡರೆ, ಪ್ರಶ್ನೆಪತ್ರಿಕೆಯಲ್ಲಿ ಬಳಸಿದರೆ, ಅದಕ್ಕೆ ಉತ್ತರ ಬರೆದರೆ ಉಲ್ಲಂಘನೆಯಾಗುವುದಿಲ್ಲ. ಇಡೀ ಪದ್ಯವನ್ನು ಜೆರಾಕ್ಸ್ ಮಾಡಿ ಮಕ್ಕಳಿಗೆ ಹಂಚಿ, ಭಾವಗೀತೆಯನ್ನು ತರಗತಿಯಲ್ಲಿ ಕೇಳಿಸಿ. ಯಾರ ಅಪ್ಪಣೆಯೂ ಬೇಕಿಲ್ಲ.

ಇದು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಪ್ರಕರಣವನ್ನು ನೋಡಬೇಕು. ಪಠ್ಯಕ್ರಮದ ಅಧ್ಯಾಯಗಳನ್ನು ಬೇರೆ ಬೇರೆ ಪುಸ್ತಕಗಳಿಂದ ನಕಲು ಮಾಡಿ, ಹೊಲಿದು ಮಾರುತ್ತಿದ್ದ ರಾಮೇಶ್ವರಿ ಎಂಬ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಆ್ಯಂಡ್ ಫ್ರಾನ್ಸಿಸ್ ಪ್ರಕಾಶನಗಳು 2012ರಲ್ಲಿ ದಾವೆ ಹೂಡಿದವು. 2016ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ದಾವೆಯನ್ನು ವಜಾ ಮಾಡಿತು. ಅದೇ ಡಿಸೆಂಬರ್‌ನಲ್ಲಿ ವಿಭಾಗೀಯ ಪೀಠ ಕೆಲವು ಅಂಶಗಳನ್ನು ವಿಚಾರಣೆಗೆ ಮರಳಿ ಕಳುಹಿಸಿದರೂ, ಪಾಠಕ್ಕೆ ಎಷ್ಟು ಬೇಕೋ ಅಷ್ಟು ನಕಲು ಮಾಡಬಹುದು ಎಂಬ ತತ್ವವನ್ನು ಎತ್ತಿ ಹಿಡಿಯಿತು. 2017ರಲ್ಲಿ ಪ್ರಕಾಶಕರೇ ದಾವೆ ಹಿಂತೆಗೆದುಕೊಂಡರು. ನಮ್ಮ ಗ್ರಂಥಾಲಯದ ಮುಂದಿನ ಜೆರಾಕ್ಸ್ ಯಂತ್ರ ನಿರಾಳವಾಗಿ ಓಡುತ್ತಿರುವುದು ಆ ತೀರ್ಪಿನ ಪುಣ್ಯದಿಂದ.

ಆದರೆ ಅಲ್ಲಿ ಪ್ರತಿಗಳು ಹೋಗುತ್ತಿದ್ದದ್ದು ಆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕೈಗೆ. ನಿಮ್ಮ ವಿಡಿಯೊವನ್ನು ಯಾರು ಬೇಕಾದರೂ ನೋಡಬಹುದು. ಅದು ಪ್ರಕಟಣೆಯಾಯಿತು, ಆ ತೀರ್ಪನ್ನು ತೋರಿಸಿ ಯೂಟ್ಯೂಬ್‌ನೊಂದಿಗೆ ವಾದಿಸಲು ಹೋಗಬೇಡಿ. ಪಠ್ಯಪುಸ್ತಕದ ಪಿಡಿಎಫ್ ಕೂಡ ಹಾಗೆಯೇ. ಇಲಾಖೆ ಉಚಿತವಾಗಿ ಇಳಿಸಿಕೊಳ್ಳಲು ಕೊಟ್ಟಿದೆ ಎಂದರೆ ನಾವು ನಮ್ಮ ಜಾಲತಾಣದಲ್ಲಿ ಮರುಪ್ರಕಟಿಸಬಹುದು ಎಂದಲ್ಲ.

ಶೈಕ್ಷಣಿಕ ವಿಡಿಯೊ ಸಂಕಲನಕಾರ:
ಮೊದಲು ಗಾಬರಿ ಬಿಡಿ. ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಧ್ವನಿಯನ್ನು ಯಂತ್ರವೇ ಗುರುತಿಸಿ ಹಾಕುವುದು ಕ್ಲೇಮ್. ಅದರಿಂದ ಸಾಮಾನ್ಯವಾಗಿ ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗುತ್ತದೆ, ಇಲ್ಲವೇ ವಿಡಿಯೊ ಕೆಲವೆಡೆ ಕಾಣಿಸುವುದಿಲ್ಲ. ಹಕ್ಕುದಾರರೇ ದೂರು ಕೊಟ್ಟು ವಿಡಿಯೊ ತೆಗೆಸಿದಾಗ ಬೀಳುವುದು ಸ್ಟ್ರೈಕ್. ಚಾನೆಲ್‌ಗೆ ಕುತ್ತು ಬರುವುದು ಅದರಿಂದ. 90 ದಿನಗಳೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು. ಯೂಟ್ಯೂಬ್ ಸ್ಟುಡಿಯೊದಲ್ಲಿ ಆ ಹಾಡಿನ ಭಾಗವನ್ನಷ್ಟೇ ಮೌನ ಮಾಡುವ ಅಥವಾ ಕತ್ತರಿಸುವ ಸೌಲಭ್ಯವಿದೆ, ಇಡೀ ವಿಡಿಯೊ ಅಳಿಸಬೇಕಿಲ್ಲ. ಮುಖ್ಯೋಪಾಧ್ಯಾಯರಿಗೆ ಇಷ್ಟನ್ನು ತೋರಿಸಿ.

ಒಂದು ಭಾವಗೀತೆಯಲ್ಲಿ ಮೂರು ಹಕ್ಕುಗಳು ಕೂತಿರುತ್ತವೆ: ಸಾಹಿತ್ಯ ಕವಿಯದು, ರಾಗಸಂಯೋಜನೆ ಸಂಯೋಜಕರದು, ಧ್ವನಿಮುದ್ರಣ ಕಂಪನಿಯದು. ‘ನಾನೇ ಹಾಡುತ್ತೇನೆ’ ಎಂದರೆ ಮೂರನೆಯದು ಮಾತ್ರ ಬಗೆಹರಿಯಿತು.

ಕವಿಯ ಹಕ್ಕು ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಬೇಂದ್ರೆ 1981ರಲ್ಲಿ ತೀರಿಕೊಂಡರು, ಅವರ ಕವಿತೆಗಳಿಗೆ 2041ರ ಕೊನೆಯವರೆಗೆ ಹಕ್ಕುಸ್ವಾಮ್ಯವಿದೆ. ಕುವೆಂಪು 1994, ಎಂದರೆ 2054ರ ಕೊನೆ. ಆದರೆ ಪಂಜೆ ಮಂಗೇಶರಾಯರು (1937), ಬಿ.ಎಂ.ಶ್ರೀ ಮತ್ತು ಕೈಲಾಸಂ (ಇಬ್ಬರೂ 1946) ಎಂದೋ ಮುಕ್ತರಾಗಿದ್ದಾರೆ. 1963ರಲ್ಲಿ ತೀರಿಕೊಂಡ ಗೋವಿಂದ ಪೈ ಮತ್ತು ತ್ರಿವೇಣಿ 2024ರ ಜನವರಿಯಿಂದ ಮುಕ್ತ. ಹಳಗನ್ನಡ, ವಚನ, ದಾಸರ ಪದಗಳಿಗೆ ಚಿಂತೆಯೇ ಇಲ್ಲ, ಮೂಲವನ್ನು ನೀವೇ ಓದಿದರೆ ಸಾಕು. ಇತ್ತೀಚಿನ ವಿದ್ವಾಂಸರು ಬರೆದ ಟಿಪ್ಪಣಿ, ಗದ್ಯಾನುವಾದಗಳಿಗೆ ಮಾತ್ರ ಅವರದೇ ಹಕ್ಕು ಇರುತ್ತದೆ.

ನಾನು ಮಾಡುವುದು ಇಷ್ಟೇ. ಹಕ್ಕು ಇರುವ ಕವಿತೆಯಾದರೆ ಪೂರ್ತಿ ಪದ್ಯವನ್ನು ಪರದೆ ಮೇಲೆ ಹಾಕುವುದಿಲ್ಲ. ‘ಪುಸ್ತಕ ತೆರೆದಿಟ್ಟುಕೊಳ್ಳಿ’ ಎಂದು ಹೇಳಿಸಿ, ವಿವರಿಸುವ ಸಾಲನ್ನಷ್ಟೇ ತೋರಿಸುತ್ತೇನೆ. ವಿಮರ್ಶೆ, ವಿವರಣೆಗಾಗಿ ಉಲ್ಲೇಖಿಸಲು ಕಾಯ್ದೆಯಲ್ಲಿ ಜಾಗವಿದೆ.

ಕೋಚಿಂಗ್ ಬೋಧಕ:
ಇಷ್ಟೆಲ್ಲ ಯಾಕೆ ಸರ್? ಲಕ್ಷಗಟ್ಟಲೆ ಜನ ಹಾಕುತ್ತಾರೆ, ಕನ್ನಡದ ಚಾನೆಲ್‌ಗಳನ್ನು ಯಾರು ಕೇಳುತ್ತಾರೆ? ‘ಶೈಕ್ಷಣಿಕ ಉದ್ದೇಶಕ್ಕೆ ಮಾತ್ರ’ ಎಂದು ಕೆಳಗೆ ಬರೆದರೆ ಮುಗಿಯಿತು.

ಶೈಕ್ಷಣಿಕ ವಿಡಿಯೊ ಸಂಕಲನಕಾರ:
ಸರ್, ಆ ಸಾಲನ್ನು ಯಂತ್ರ ಓದುವುದಿಲ್ಲ, ಹಾಡನ್ನಷ್ಟೇ ಕೇಳಿಸಿಕೊಳ್ಳುತ್ತದೆ. ಮೇಡಂ ಅವರಿಗೆ ಈಗ ಬಂದಿರುವುದು ಕನ್ನಡ ಹಾಡಿನ ಮೇಲಿನ ಕ್ಲೇಮೇ.

ಪ್ರಾಥಮಿಕ ಶಾಲಾ ಶಿಕ್ಷಕಿ:
ನಾನು ಹಕ್ಕಿನ ಗೊಡವೆಯೇ ಬೇಡವೆಂದು ಮುಕ್ತ ಸಾಮಗ್ರಿಗೆ ಹೊರಳಿದವಳು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಬೇಕಾದಷ್ಟಿವೆ. ಅನುವಾದಿಸಿ, ಓದಿನ ಮಟ್ಟ ಬದಲಿಸಿ, ಮುದ್ರಿಸಿ ಹಂಚಬಹುದು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ನಮ್ಮ ಶಿಕ್ಷಕರೇ ಸಿದ್ಧಪಡಿಸಿದ ಘಟಕಗಳಿವೆ. ನಿರಂಜನರ ಕೃತಿಗಳನ್ನು ಅವರ ಕುಟುಂಬ 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಪರವಾನಗಿಗೆ, ಎಂದರೆ ಷರತ್ತು ಪಾಲಿಸಿದರೆ ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪರವಾನಗಿಗೆ, ಒಪ್ಪಿಸಿದ್ದು ಕನ್ನಡ ಶಿಕ್ಷಕರಿಗಂತೂ ದೊಡ್ಡ ಉಡುಗೊರೆ. ಕವಿಗಳ ಭಾವಚಿತ್ರಕ್ಕೆ ಗೂಗಲ್ ಬಿಟ್ಟು, ಮುಕ್ತ ಚಿತ್ರಗಳ ತಾಣವಾದ ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಹುಡುಕಿ. ಭಾವಚಿತ್ರದ ಹಕ್ಕು ಸಾಮಾನ್ಯವಾಗಿ ತೆಗೆದವರದೇ ಹೊರತು ಕವಿಯದಲ್ಲ.

ಪರವಾನಗಿಯ ಅಕ್ಷರಗಳನ್ನು ಮಾತ್ರ ಗಮನಿಸಿ. ಬಿವೈ ಎಂದರೆ ಹೆಸರು ಹಾಕಬೇಕು. ಎಸ್‌ಎ ಎಂದರೆ ನೀವು ಬದಲಿಸಿ ಮಾಡಿದ್ದನ್ನೂ ಅದೇ ಪರವಾನಗಿಯಲ್ಲಿ ಬಿಡಬೇಕು. ಎನ್‌ಸಿ ಇದ್ದರೆ ಹಣ ಮಾಡುವಂತಿಲ್ಲ, ಜಾಹೀರಾತು ಬರುವ ಚಾನೆಲ್‌ಗೆ ಅದನ್ನು ಬಳಸದಿರುವುದೇ ಕ್ಷೇಮ. ನಮ್ಮವರು ಮುಗ್ಗರಿಸುವುದು ಎನ್‌ಡಿಯಲ್ಲಿ. ಅದಿದ್ದರೆ ಬದಲಾವಣೆ ಹಂಚುವಂತಿಲ್ಲ, ಕನ್ನಡಕ್ಕೆ ಅನುವಾದಿಸಿದರೆ ಅದೂ ಬದಲಾವಣೆಯೇ! ಇಂಗ್ಲಿಷಿನ ಚಂದದ ಅಭ್ಯಾಸಹಾಳೆಗಳನ್ನು ನಾನು ಇದೇ ಕಾರಣಕ್ಕೆ ಕೈಬಿಟ್ಟಿದ್ದೇನೆ.

ಕೃಪೆ ಹೀಗೆ ಬರೆಯುತ್ತೇನೆ: ‘ಚಿತ್ರ: ಮಲೆನಾಡಿನ ಅಡಿಕೆ ತೋಟ, ತೆಗೆದವರ ಹೆಸರು, ವಿಕಿಮೀಡಿಯಾ ಕಾಮನ್ಸ್, ಸಿಸಿ ಬಿವೈ-ಎಸ್‌ಎ 4.0, ಅಂಚು ಕತ್ತರಿಸಲಾಗಿದೆ.’ ಜೊತೆಗೆ ಚಿತ್ರದ ಮತ್ತು ಪರವಾನಗಿಯ ಕೊಂಡಿ. ‘ಕೃಪೆ: ಅಂತರಜಾಲ’ ಎಂದು ಬರೆಯುವುದಕ್ಕಿಂತ ಏನೂ ಬರೆಯದಿರುವುದೇ ಮೇಲು.

ನಿವೃತ್ತ ಉಪನ್ಯಾಸಕ, ಶಿಕ್ಷಕರ ತರಬೇತಿ ಸಂಸ್ಥೆ:
ಆ್ಯಪ್‌ನವರ ವಿಷಯ ಯಾರೂ ಎತ್ತಲಿಲ್ಲ. ತಂಗಿ, ‘ಕೊಡಿ’ ಎಂಬ ಮಾತಿಗೆ ಹೂಂ ಎನ್ನಬೇಡ. ಪೂರ್ತಿ ಹಕ್ಕು ಬರೆದುಕೊಡುವುದು ಬೇರೆ, ಬಳಸಲು ಪರವಾನಗಿ ಕೊಡುವುದು ಬೇರೆ. ಎರಡೂ ಲಿಖಿತವಾಗಿರಬೇಕು. ಹಕ್ಕು ವರ್ಗಾವಣೆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅದು ಐದು ವರ್ಷಕ್ಕೆ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ. ಅದಕ್ಕೇ ಅವರ ಕರಾರಿನಲ್ಲಿ ‘ಶಾಶ್ವತವಾಗಿ, ವಿಶ್ವದಾದ್ಯಂತ, ಎಲ್ಲ ಮಾಧ್ಯಮಗಳಲ್ಲಿ’ ಎಂಬ ಪದಗಳು ಸಾಲಾಗಿ ಕೂತಿರುತ್ತವೆ. ನಾನು ಅಂತಹ ಸಾಲುಗಳಿಗೆ ಅಡ್ಡಗೀಟು ಎಳೆದು ‘ಮೂರು ವರ್ಷ, ಏಕಸ್ವಾಮ್ಯವಲ್ಲದ ಪರವಾನಗಿ’ ಎಂದು ಬರೆದು ಮರಳಿ ಕಳುಹಿಸುತ್ತಿದ್ದೆ. ಬಹುತೇಕ ಒಪ್ಪಿಕೊಳ್ಳುತ್ತಿದ್ದರು. ಒಪ್ಪದವರಿಗೆ ಬೇಕಿದ್ದದ್ದು ಪಾಠವಲ್ಲ, ಸರಕು.

ಇನ್ನೊಂದು: ನೀನು ಸರ್ಕಾರಿ ನೌಕರಳಾಗಿದ್ದರೆ, ಇಲಾಖೆ ಹೇಳಿ ಮಾಡಿಸಿದ ವಿಡಿಯೊಗಳ ಹಕ್ಕು ಬೇರೆ ಒಪ್ಪಂದ ಇಲ್ಲದಿದ್ದರೆ ಸರ್ಕಾರದ್ದು. ಮನೆಯಲ್ಲಿ ಸ್ವಂತವಾಗಿ ಮಾಡಿದ್ದಾದರೂ ಹೊರಗಿನವರಿಂದ ಹಣ ಪಡೆಯುವ ಮುನ್ನ ಮೇಲಧಿಕಾರಿಗಳ ಅನುಮತಿ ಪಡೆ.

ದೃಷ್ಟಿದೋಷವುಳ್ಳ ಮಕ್ಕಳ ಶಿಕ್ಷಕ:
ನಮ್ಮ ಮಕ್ಕಳಿಗಾಗಿ ಪುಸ್ತಕವನ್ನು ಧ್ವನಿ ಅಥವಾ ಬ್ರೈಲ್‌ಗೆ ಪರಿವರ್ತಿಸಲು 2012ರ ತಿದ್ದುಪಡಿಯಿಂದ ವಿನಾಯಿತಿ ಇದೆ. ಇಂತಹ ಓದುಗರಿಗೆ ಪುಸ್ತಕ ಸಿಗುವಂತೆ ಮಾಡುವ ಅಂತರರಾಷ್ಟ್ರೀಯ ಮರಕೇಶ್ ಒಪ್ಪಂದವನ್ನು 2014ರಲ್ಲಿ ಮೊದಲು ಅನುಮೋದಿಸಿದ ದೇಶವೇ ಭಾರತ. ಆದರೆ ಆ ವಿನಾಯಿತಿ ಓದಲಾಗದ ಮಕ್ಕಳಿಗೆ ಮಾತ್ರ, ಲಾಭಕ್ಕಲ್ಲ. ‘ಆಡಿಯೊ ಬುಕ್’ ಎಂದು ಎಲ್ಲರಿಗೂ ಹಾಕಿದರೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

ಪ್ರಶ್ನೆ ಕೇಳಿದ ಶಿಕ್ಷಕಿ:
ಎಲ್ಲರಿಗೂ ಧನ್ಯವಾದಗಳು. ಭಾವಗೀತೆಯ ಭಾಗವನ್ನು ಮೌನ ಮಾಡಿದೆ, ಕ್ಲೇಮ್ ಹೋಯಿತು. ಭಾವಚಿತ್ರಗಳನ್ನು ಒಂದೊಂದಾಗಿ ಬದಲಿಸುತ್ತಿದ್ದೇನೆ. ಆ್ಯಪ್‌ನವರಿಗೆ ಕರಾರಿನ ಕರಡು ಕಳುಹಿಸಿ ಎಂದಿದ್ದೇನೆ, ಅಲ್ಲಿಂದ ಉತ್ತರವಿಲ್ಲ. ಕೊನೆಯದೊಂದು: ವಾರ್ಷಿಕೋತ್ಸವದಲ್ಲಿ ಮಕ್ಕಳು ಸಿನಿಮಾ ಹಾಡಿಗೆ ಕುಣಿಯುತ್ತಾರೆ. ಅದನ್ನು ಲೈವ್ ಮಾಡಬಹುದೇ?

ಪದವಿ ಕಾಲೇಜಿನ ಗ್ರಂಥಪಾಲಕ:
ಸಭಾಂಗಣದಲ್ಲಿ ಕುಣಿಯಲಿ. ನೋಡುವವರು ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು, ಶಾಲೆಯ ಚಟುವಟಿಕೆಗೆ ಸಂಬಂಧಿಸಿದವರು ಆಗಿದ್ದರೆ ಅದೇ 52ನೇ ಸೆಕ್ಷನ್ ಒಪ್ಪುತ್ತದೆ. ಲೈವ್ ಹಾಕಿದರೆ ಆ ಮಿತಿ ದಾಟಿದಂತೆ, ಪ್ರಸಾರವೂ ನಡುವೆಯೇ ನಿಲ್ಲಬಹುದು. ನಮ್ಮಲ್ಲಿ ಡೊಳ್ಳು ಕುಣಿತ, ಕೋಲಾಟ, ಬಹುಮಾನ ವಿತರಣೆಯನ್ನು ಮಾತ್ರ ಲೈವ್ ಮಾಡುತ್ತೇವೆ, ಸಿನಿಮಾ ಹಾಡು ಶುರುವಾದಾಗ ಪ್ರಸಾರ ನಿಲ್ಲಿಸುತ್ತೇವೆ. ಆ ಭಾಗದ ವಿಡಿಯೊವನ್ನು ಪೋಷಕರಿಗೆ ಪೆನ್‌ಡ್ರೈವ್‌ನಲ್ಲಿ ಕೊಡುತ್ತೇವೆ. ಪ್ರಸಾರ ಮತ್ತೆ ಶುರುಮಾಡುವ ಕೆಲಸವನ್ನು ಒಬ್ಬರಿಗೆ ವಹಿಸಿ, ಇಲ್ಲದಿದ್ದರೆ ಮರೆತುಹೋಗುತ್ತದೆ.