ಬೇಸಗೆಯಲ್ಲೂ ಹರಿಯುವ ತೋಡು: ನೀರಿನ ಮೂಲ ಪತ್ತೆ ಹೇಗೆ?

ಪ್ರಶ್ನೆ:
ಉಡುಪಿಯ ಇಂದ್ರಾಣಿ ತೋಡನ್ನು ಸೇರುವ ಸಣ್ಣ ಕವಲೊಂದು ನಮ್ಮ ಮನೆಯ ಹಿಂದಿದ್ದು, ಮಾರ್ಚ್‌ನಲ್ಲೂ ತೆಳ್ಳಗೆ ಹರಿಯುತ್ತಿರುತ್ತದೆ. ಇದು ಮಣಿಪಾಲದ ಗುಡ್ಡದ ಒರತೆಯೇ, ಒಡೆದ ನಲ್ಲಿ ಪೈಪಿನ ನೀರೇ, ಬಚ್ಚಲ ನೀರೇ? ಒರತೆಯಾಗಿದ್ದರೆ ಮುಂಗಾರಿನದೋ ಹಿಂಗಾರಿನದೋ ತಿಳಿಯಬಹುದೇ?

ಉತ್ತರ 1:
ನಮ್ಮ ಗುಡ್ಡಗಳಲ್ಲಿ ಮೇಲೆ ತೂತುತೂತಾದ ಮುರಕಲ್ಲು, ಅದರಡಿಯಲ್ಲಿ ನೀರನ್ನು ಸುಲಭವಾಗಿ ಕೆಳಗಿಳಿಯಲು ಬಿಡದ ಶೇಡಿಮಣ್ಣು (ಜೇಡಿಯಂಥ ನುಣುಪು ಮಣ್ಣು) ಇರುವುದರಿಂದ, ಇಂಗಿದ ಮಳೆನೀರು ಇವೆರಡು ಕೂಡುವ ಜಾಗದಲ್ಲಿ ಅಡ್ಡಕ್ಕೆ ಸರಿದು ಗುಡ್ಡದ ಬದಿಯಲ್ಲಿ ಒಸರುತ್ತದೆ. ಮೊದಲು ನೀರಿನ ವಿದ್ಯುತ್ ವಾಹಕತೆಯನ್ನು ಅಳೆಯಿರಿ; ಕರಗಿದ ಲವಣ ಹೆಚ್ಚಿದ್ದಷ್ಟೂ ಅದು ಹೆಚ್ಚು. ಕೈಯಲ್ಲಿ ಹಿಡಿಯುವ ಮೀಟರ್ ಸಾಕು. ಮುರಕಲ್ಲಿನ ಒರತೆಯಲ್ಲಿ ಲವಣ ಬಹಳ ಕಡಿಮೆ. ಬಚ್ಚಲ ನೀರು ಬೆರೆತಿದ್ದರೆ ವಾಹಕತೆ, ಕ್ಲೋರೈಡ್, ನೈಟ್ರೇಟ್ ಏರಿರುತ್ತವೆ. ತೋಡಿನುದ್ದಕ್ಕೂ ಅಳೆಯುತ್ತ ಮೇಲೇರಿದರೆ ಎಲ್ಲಿ ಬೆರೆಯುತ್ತಿದೆ ಎಂಬುದೂ ಸಿಗುತ್ತದೆ.

ಉತ್ತರ 2:
ಮೇಲಿನ ಸಲಹೆ ಬಚ್ಚಲ ನೀರಿಗೆ ಸರಿ, ಆದರೆ ನಲ್ಲಿ ನೀರಿನ ವಿಷಯದಲ್ಲಿ ಮೀಟರ್ ಕೈಕೊಡುತ್ತದೆ. ನಲ್ಲಿಗೆ ಬಜೆ ಅಣೆಕಟ್ಟಿನಿಂದ ಬರುವ ಸ್ವರ್ಣಾ ನದಿಯ ನೀರೂ ಲವಣ ಕಡಿಮೆಯಿರುವ ನೀರೇ. ಶುದ್ಧೀಕರಿಸಲು ಹಾಕಿ ನಲ್ಲಿ ನೀರಿನಲ್ಲಿ ಉಳಿದಿರುವ ಕ್ಲೋರಿನ್ ಮಣ್ಣಿನೊಳಗೆ ಬೇಗ ನಾಶವಾಗುವುದರಿಂದ ಅದು ಸಿಗಲಿಲ್ಲವೆಂದು ಪೈಪನ್ನು ನಿರಪರಾಧಿ ಎನ್ನಲಾಗದು. ನಗರಸಭೆ ನೀರು ಬಿಡುವ ಹೊತ್ತಿಗೂ ನಿಲ್ಲಿಸಿದ ಹೊತ್ತಿಗೂ ಹರಿವು ಬದಲಾಗುತ್ತದೆಯೇ ಎಂದು ಬಕೆಟ್, ಗಡಿಯಾರ ಹಿಡಿದು ನೋಡುವುದೇ ಮೇಲು.

ಋತುವನ್ನು ಗುರುತಿಸಲು ಆಮ್ಲಜನಕ-18 ಮತ್ತು ಡ್ಯೂಟೀರಿಯಂ ಐಸೋಟೋಪುಗಳ (ನೀರಿನಲ್ಲಿರುವ ಆಮ್ಲಜನಕ, ಜಲಜನಕಗಳ ಹೆಚ್ಚು ತೂಕದ ರೂಪಗಳು) ಪರೀಕ್ಷೆ ಬೇಕು. ಹಿಂಗಾರಿನ ಮಳೆಯಲ್ಲಿ ಈ ಭಾರದ ಐಸೋಟೋಪುಗಳು ಸಾಮಾನ್ಯವಾಗಿ ಮುಂಗಾರಿಗಿಂತ ಕಡಿಮೆ. ಕೆರೆಯಲ್ಲಿ ನಿಂತು ಆವಿಯಾದ ನೀರಿನಲ್ಲಿ ಇವೆರಡರ ಅನುಪಾತವೇ ಬೇರೆಯಾಗುವುದರಿಂದ, ಮಣಿಪಾಲದ ಮಣ್ಣಪಳ್ಳ ಕೆರೆಯ ನೀರು ಜಿನುಗುತ್ತಿದ್ದರೂ ಸುಳಿವು ಸಿಕ್ಕೀತು. ಹೋಲಿಕೆಗೆ ಎರಡೂ ಕಾಲದ ಮಳೆನೀರನ್ನು ಸಂಗ್ರಹಿಸಿರಬೇಕು; ಬಾಟಲಿಯನ್ನು ಗಾಳಿ ಉಳಿಯದಂತೆ ಕಂಠಮಟ್ಟ ತುಂಬಿಸಿ ಬಿಗಿಯಾಗಿ ಮುಚ್ಚದಿದ್ದರೆ ಪರೀಕ್ಷೆಯ ಹಣ ವ್ಯರ್ಥ.

ಪ್ರಶ್ನೆ ಕೇಳಿದವರು:
ಐಸೋಟೋಪ್ ಪರೀಕ್ಷೆ ಅನಿವಾರ್ಯವೇ?

ಉತ್ತರ 1:
ನನ್ನ ಅಭಿಪ್ರಾಯದಲ್ಲಿ ಈಗಲೇ ಬೇಡ. ಇಲ್ಲಿ ವರ್ಷದ ಮಳೆಯ ಶೇಕಡಾ 80ಕ್ಕೂ ಹೆಚ್ಚು ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುವುದರಿಂದ, ಒರತೆಯಾಗಿದ್ದರೆ ಅದು ಬಹುಪಾಲು ಮುಂಗಾರಿನದೇ ಎಂದು ಭಾವಿಸಬಹುದು. ನವೆಂಬರ್‌ನಿಂದ ಮೇವರೆಗೆ ವಾರಕ್ಕೊಮ್ಮೆ ಹರಿವನ್ನು ಅಳೆದು ಬರೆದಿಡಿ: ಒರತೆಯಾದರೆ ನಿಧಾನವಾಗಿ ಇಳಿಯುತ್ತ ಹೋಗುತ್ತದೆ, ಇಳಿಯದೆ ಒಂದೇ ಮಟ್ಟದಲ್ಲಿ ನಿಂತರೆ ಪೈಪನ್ನೇ ಅನುಮಾನಿಸಿ.